ಆಲಮಟ್ಟಿ ಹಿನ್ನೀರಿನಲ್ಲಿ ಹೊರಗಿನ ಜೀವಿಗಳ ಸಮೀಕ್ಷೆ: ಶಾಲೆ, ಕಾಲೇಜು ತಂಡಗಳಿಗೆ ಕೈಪಿಡಿ

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲದಲ್ಲಿ ಅಲ್ಲಿಗೆ ಮುಟ್ಟುವ ನೀರು ಬೇಸಿಗೆ ಹೊತ್ತಿಗೆ ಎಂಟು-ಹತ್ತು ಮೀಟರ್ ಕೆಳಗಿಳಿಯುವುದು ಅಪರೂಪವಲ್ಲ. ಬಾಗಲಕೋಟೆ, ಬೀಳಗಿ, ಕೊಲ್ಹಾರ, ನಿಡಗುಂದಿ ಕಡೆಯ ದಡದ ಬಹುಭಾಗ ಸಪಾಟಾದ ಎರೆ ನೆಲ. ಐವತ್ತು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವ ದಡ ಎಂದಿಟ್ಟುಕೊಳ್ಳಿ: ನೀರು ಎಂಟು ಮೀಟರ್ ಇಳಿದಾಗ ನಾನೂರು ಮೀಟರ್ ಅಗಲದ ನೆಲ ಬಯಲಾಗುತ್ತದೆ. ಆಗಸ್ಟ್‌ನಲ್ಲಿ ಮೀನು ಓಡಾಡಿದ ಜಾಗದಲ್ಲಿ ಫೆಬ್ರವರಿಗೆ ಕಡಲೆ ಬೆಳೆ ನಿಂತಿರುತ್ತದೆ, ಅದರ ಬದುವಿನಲ್ಲಿ ಕಾಂಗ್ರೆಸ್ ಕಸ ಹೂ ಬಿಟ್ಟಿರುತ್ತದೆ.

ಇಂಥ ದಡದಲ್ಲಿ ಹೊರಗಿನ ಜೀವಿಗಳನ್ನು, ಅಂದರೆ ಬೇರೆಡೆಯಿಂದ ಬಂದು ನೆಲೆಸಿದ ಗಿಡ, ಮೀನು, ಹುಳುಗಳನ್ನು, ಎಣಿಸುವುದು ಹೇಗೆಂದು ಈ ಕೈಪಿಡಿ ಹೇಳುತ್ತದೆ. ಸಮುದ್ರದ ಕೊಲ್ಲಿಗಳಲ್ಲಿ ವಿದ್ಯಾರ್ಥಿಗಳು ಮಾಡುವ ಜೀವವೈವಿಧ್ಯ ಸಮೀಕ್ಷೆಯ ವಿಧಾನಗಳನ್ನು ಇಲ್ಲಿಗೂ ತರಬಹುದು. ಆದರೆ ಅಲ್ಲಿ ಉಬ್ಬರ-ಇಳಿತ ದಿನಕ್ಕೆ ಎರಡು ಸಲ. ಇಲ್ಲಿ ಉಬ್ಬರ ವರ್ಷಕ್ಕೆ ಒಂದೇ ಸಲ. ಈ ವ್ಯತ್ಯಾಸ ಮರೆತ ಸಮೀಕ್ಷೆಯಲ್ಲಿ ನವೆಂಬರಿನ ಹಾಳೆಗೂ ಏಪ್ರಿಲ್ ಹಾಳೆಗೂ ತಾಳೆಯೇ ಆಗುವುದಿಲ್ಲ, ಏಕೆಂದರೆ ಎರಡರಲ್ಲೂ ‘ನೀರಿನ ಅಂಚು’ ಎಂದು ಬರೆದ ಜಾಗ ಬೇರೆ ಬೇರೆ. ಆದ್ದರಿಂದ ಪ್ರತಿ ಎಣಿಕೆಯ ಪಕ್ಕದಲ್ಲಿ ಆ ದಿನದ ನೀರಿನ ಮಟ್ಟ ಮತ್ತು ನೀವು ನಿಂತ ನೆಲದ ಎತ್ತರ ಇರಲೇಬೇಕು. ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ.

ಜಾಗ ಮತ್ತು ಅನುಮತಿ

ಹಳ್ಳವೊಂದು ಬಂದು ಹಿನ್ನೀರಿಗೆ ಸೇರುವ ಬಾಗನ್ನು ಆರಿಸಿ. ಇಂಥ ಮೂಲೆಗಳಲ್ಲಿ ನೀರು ನಿಧಾನವಾಗಿರುತ್ತದೆ, ಹಳ್ಳ ತಂದ ಊರಿನ ಕೊಳಚೆ ಮತ್ತು ಹೊಲದ ಗೊಬ್ಬರ ಸೇರುತ್ತದೆ, ಗಾಳಿ ತೇಲುಗಳೆಯನ್ನು ತಂದು ತುಂಬುತ್ತದೆ. ಹೊರಗಿನ ಜೀವಿಗಳು ಮೊದಲು ಕಾಣಿಸುವುದು ಇಲ್ಲೇ. ದಡದ ಉದ್ದ 300 ಮೀಟರ್ ಸಾಕು. ಕಿಲೋಮೀಟರ್‌ಗಟ್ಟಲೆ ಆರಿಸಿಕೊಂಡ ತಂಡಗಳು ಎರಡನೇ ಭೇಟಿಗೇ ದಣಿಯುತ್ತವೆ.

ಆಲಮಟ್ಟಿ ಜಲಾಶಯ ಕೃಷ್ಣಾ ಭಾಗ್ಯ ಜಲ ನಿಗಮದ ಸುಪರ್ದಿಯಲ್ಲಿದೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಅವರಿಗೊಂದು ಪತ್ರ, ಗ್ರಾಮ ಪಂಚಾಯಿತಿಗೊಂದು ಪತ್ರ ಕೊಡಿ. ಬೆಳಗಾವಿ ಜಿಲ್ಲೆಯವರು ಹಿಡಕಲ್ ಅಥವಾ ನವಿಲುತೀರ್ಥದ ಹಿನ್ನೀರಿನಲ್ಲಿ ಇದೇ ಕೆಲಸ ಮಾಡಬಹುದು, ಆದರೆ ಘಟಪ್ರಭಾ ಪಕ್ಷಿಧಾಮದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ನೀರಿಳಿದ ನೆಲದಲ್ಲಿ ಬೆಳೆ ತೆಗೆಯುವ ರೈತರಿಗೆ, ಆ ಮೂಲೆಯಲ್ಲಿ ಬಲೆ ಹಾಕುವ ಮೀನುಗಾರರಿಗೆ ಎದುರು ಹೋಗಿ ಹೇಳಿ. ಅವರಿಗೆ ತಿಳಿಯದೆ ನೆಟ್ಟ ಗೂಟ ನೇಗಿಲಿಗೆ ಸಿಕ್ಕು ಹೋಗುತ್ತದೆ, ತಿಳಿದಿದ್ದರೆ ಅವರೇ ಕಾಯುತ್ತಾರೆ.

ಕೃಷ್ಣೆಯಲ್ಲಿ ಮೊಸಳೆ ಇವೆ. ವಿದ್ಯಾರ್ಥಿಗಳು ಪಾದ ಮುಳುಗುವಷ್ಟಕ್ಕಿಂತ ಆಳಕ್ಕೆ ಇಳಿಯಬಾರದು. ನೀರಿನ ಕೆಲಸವನ್ನೆಲ್ಲ ದಡದಿಂದ ಉದ್ದ ಕೋಲಿನಲ್ಲಿ ಮಾಡುವಂತೆ ಯೋಜಿಸಿ. ಮೊಸಳೆಗಿಂತ ಹೆಚ್ಚು ಸಲ ತೊಂದರೆ ಕೊಡುವುದು ಹೂಳು. ಮೇಲ್ಪದರ ಒಣಗಿ ಬಿರುಕು ಬಿಟ್ಟ ಎರೆ ಮಣ್ಣಿನ ಕೆಳಗೆ ಮೊಣಕಾಲು ಮಟ್ಟದ ಕೆಸರು ಇರುತ್ತದೆ. ಮುಂದೆ ನಡೆಯುವ ಶಿಕ್ಷಕರ ಕೈಯಲ್ಲಿ ಒಂದೂವರೆ ಮೀಟರ್ ಕೋಲು ಇರಲಿ, ಅದು ಒಂದು ಗೇಣಿಗಿಂತ ಆಳ ಇಳಿದರೆ ಆ ಸಾಲನ್ನು ಅಲ್ಲಿಗೇ ನಿಲ್ಲಿಸಿ, ‘ಕೆಸರು, ಹೋಗಲಾಗಲಿಲ್ಲ’ ಎಂದು ಬರೆಯಿರಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕು. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಹತ್ತೂವರೆಯೊಳಗೆ ಕೆಲಸ ಮುಗಿಯಬೇಕು. ಉಬ್ಬಸ ಇರುವ ಮಕ್ಕಳನ್ನು ಕಾಂಗ್ರೆಸ್ ಕಸದ ಎಣಿಕೆಗೆ ಹಾಕಬೇಡಿ. ಉಳಿದವರೂ ತುಂಬು ತೋಳಿನ ಅಂಗಿ, ಕೈಗವಸು ಹಾಕಿಕೊಳ್ಳಲಿ. ಆ ಗಿಡದ ಪರಾಗ ಉಸಿರಿಗೂ ಎಲೆ ಚರ್ಮಕ್ಕೂ ಆಗುವುದಿಲ್ಲ.

ಎತ್ತರ ಗುರುತಿಸಲು ಜಲಾಶಯವನ್ನೇ ಬಳಸಿ

ಮೊಬೈಲಿನ ಜಿಪಿಎಸ್ ಎತ್ತರ ನಂಬಬೇಡಿ. ಅದು ಹತ್ತಾರು ಮೀಟರ್ ತಪ್ಪಬಹುದು, ನಿಮಗೆ ಬೇಕಾದದ್ದು ಅರ್ಧ ಮೀಟರ್ ನಿಖರತೆ. ಸರ್ವೇ ಯಂತ್ರವೂ ಬೇಡ. ನಿಂತ ನೀರಿನ ಅಂಚು ಸುತ್ತಲೂ ಒಂದೇ ಎತ್ತರದಲ್ಲಿರುತ್ತದೆ, ಮತ್ತು ಆ ಎತ್ತರ ದಿನಪತ್ರಿಕೆಯ ಜಲಾಶಯ ಮಟ್ಟದ ಅಂಕಣದಲ್ಲಿ ಬರುತ್ತದೆ.

ನೀರು ತುಂಬಿರುವಾಗ, ಗಾಳಿ ಇಲ್ಲದ ಬೆಳಿಗ್ಗೆ, ದಡದುದ್ದಕ್ಕೂ ನೂರು ಮೀಟರಿಗೊಂದರಂತೆ ನಾಲ್ಕು ಕಡೆ ನೀರಿನ ಅಂಚಿನಲ್ಲಿ ಗುರುತು ಹಾಕಿ: 0, 100, 200, 300. ಇವು ನಿಮ್ಮ ನಾಲ್ಕು ಸಾಲುಗಳ ತಲೆ. ಅಲ್ಲಿಂದ ನೀರು ಇಳಿಯುವ ದಿಕ್ಕಿಗೆ ನೇರ ಸಾಲು ಹಿಡಿದು ದಿಕ್ಸೂಚಿಯಲ್ಲಿ ಕೋನ ಬರೆದುಕೊಳ್ಳಿ. ಮುಂದೆ ಮಟ್ಟ 519, 518, 517 ಹೀಗೆ ಒಂದೊಂದು ಮೀಟರ್ ದಾಟಿದ ದಿನ ಇಬ್ಬರು ಹೋಗಿ, ಪ್ರತಿ ಸಾಲಿನಲ್ಲೂ ನೀರಿನ ಅಂಚಿಗೆ ಒಂದು ಕಲ್ಲು ಹೂಳಿ, ಮೇಲ್ಭಾಗಕ್ಕೆ ಬಿಳಿ ಬಣ್ಣ ಬಳಿದು ಮಟ್ಟವನ್ನು ಬರೆದರೆ ಸಾಕು. ಮರದ ಗೂಟ ಬೇಡ, ಉರುವಲಿಗೆ ಹೋಗುತ್ತದೆ. ಕಲ್ಲಿನಿಂದ ಕಲ್ಲಿಗೆ ಎಷ್ಟು ಮೀಟರ್ ಎಂದು ಟೇಪಿನಲ್ಲಿ ಅಳೆದಿಟ್ಟರೆ ಕಲ್ಲು ಹೂಳಿನಲ್ಲಿ ಮುಚ್ಚಿದರೂ ಜಾಗ ಸಿಗುತ್ತದೆ.

ಎರಡು ಎಚ್ಚರಿಕೆ. ಗಾಳಿ ಬೀಸುವ ಮಧ್ಯಾಹ್ನ ಅಲೆ ದಡದ ಮೇಲೆ ಹತ್ತುವುದರಿಂದ ಗುರುತು ಮೇಲೆ ಬೀಳುತ್ತದೆ. ಸಪಾಟು ನೆಲದಲ್ಲಿ ಹತ್ತು ಸೆಂಟಿಮೀಟರ್ ಅಲೆ ಎಂದರೆ ಐದು ಮೀಟರ್ ದೂರದ ತಪ್ಪು. ಹಾಗೆಯೇ ಪ್ರವಾಹ ಬರುವ ದಿನಗಳಲ್ಲಿ ನದಿಯ ಮೇಲ್ಭಾಗದ ನೀರು ಅಣೆಕಟ್ಟೆಯಲ್ಲಿ ತೋರಿಸುವ ಮಟ್ಟಕ್ಕಿಂತ ಎತ್ತರದಲ್ಲಿರುತ್ತದೆ, ಆಗ ಗುರುತು ಹಾಕಬೇಡಿ. ಕಲ್ಲುಗಳ ಎತ್ತರ ತಾಳೆ ನೋಡಲು ಗೌಂಡಿಗಳ ಬಳಿ ಇರುವ, ನೀರು ತುಂಬಿದ ಪಾರದರ್ಶಕ ಮಟ್ಟದ ಪೈಪು ಸಾಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಎರಡು ತುದಿಯ ನೀರು ಸಮ ನಿಲ್ಲುವುದಿಲ್ಲ. ಬೆರಳಿನಿಂದ ತಟ್ಟಿ ಗುಳ್ಳೆ ಹೊರಡಿಸಿ.

ಇದರಿಂದ ಸಿಗುವ ಲಾಭ ದೊಡ್ಡದು. ದಿನದಿನದ ಮಟ್ಟದ ಪಟ್ಟಿ ಇದ್ದರೆ, ಪ್ರತಿ ಕಲ್ಲಿನ ನೆಲ ಯಾವ ದಿನ ಬಯಲಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ಸಮೀಕ್ಷೆಯ ದಿನದಿಂದ ಅದನ್ನು ಕಳೆದರೆ ‘ಬಯಲಾಗಿ ಎಷ್ಟು ದಿನ’ ಎಂಬ ಅಂಕಿ ಬರುತ್ತದೆ. ಯಾವ ಕಳೆ ಬಯಲಾದ ಎಷ್ಟು ದಿನಕ್ಕೆ ಮೊಳೆಯುತ್ತದೆ, ಎಷ್ಟು ದಿನಕ್ಕೆ ಹೂ ಬಿಡುತ್ತದೆ ಎಂದು ಹೇಳಬಲ್ಲ ಸಮೀಕ್ಷೆ ಪಂಚಾಯಿತಿಗೂ ರೈತರಿಗೂ ನೇರ ಉಪಯೋಗಕ್ಕೆ ಬರುತ್ತದೆ: ಹೂವಿಗೆ ಮೊದಲು ಕೀಳಬೇಕಾದ ವಾರ ಯಾವುದು ಎಂದು ಅದರಿಂದ ಗೊತ್ತಾಗುತ್ತದೆ.

ವರ್ಷಕ್ಕೆ ನಾಲ್ಕು ಭೇಟಿ: ಸೆಪ್ಟೆಂಬರ್, ಡಿಸೆಂಬರ್, ಫೆಬ್ರವರಿ ಕೊನೆ, ಮೇ ಮೊದಲ ವಾರ. ಪರೀಕ್ಷೆಯ ತಿಂಗಳುಗಳನ್ನು ನೋಡಿ ಒಂದು ವಾರ ಹಿಂದೆ ಮುಂದೆ ಮಾಡಿದರೆ ತೊಂದರೆಯಿಲ್ಲ.

ಚೌಕಟ್ಟು ಮತ್ತು ಗಿಡಗಳ ಎಣಿಕೆ

ಅರ್ಧ ಇಂಚಿನ ಪಿವಿಸಿ ಪೈಪಿನ ನಾಲ್ಕು ತುಂಡು, ನಾಲ್ಕು ಎಲ್ಬೊ ಸೇರಿಸಿ ಒಳಗಡೆ ಸರಿಯಾಗಿ 1 ಮೀಟರ್ × 1 ಮೀಟರ್ ಬರುವ ಚೌಕ ಮಾಡಿ. ಎಲ್ಬೊ ಜಾಗ ತಿನ್ನುವುದರಿಂದ ಮೊದಲು ಒಂದು ಬದಿ ಜೋಡಿಸಿ ಅಳೆದು ನಂತರ ಉಳಿದ ಮೂರನ್ನು ಕತ್ತರಿಸಿ. ಪ್ರತಿ 10 ಸೆಂಟಿಮೀಟರಿಗೆ ನೈಲಾನ್ ದಾರ ಕಟ್ಟಿದರೆ ನೂರು ಪುಟ್ಟ ಮನೆಗಳಾಗುತ್ತವೆ. ಒಂದು ಮನೆ ಎಂದರೆ ಶೇ 1. ಗಿಡ ಎಣಿಸಲಾಗದಷ್ಟು ದಟ್ಟವಿದ್ದಾಗ, ಅರ್ಧಕ್ಕಿಂತ ಹೆಚ್ಚು ತುಂಬಿದ ಮನೆಗಳನ್ನು ಎಣಿಸಿದರೆ ಹೊದಿಕೆಯ ಪ್ರಮಾಣ ಸಿಗುತ್ತದೆ. ಕಣ್ಣಂದಾಜಿನಲ್ಲಿ ‘ಶೇ 60’ ಎಂದು ಬರೆಯಲು ಬಿಡಬೇಡಿ. ಇಬ್ಬರು ಮಕ್ಕಳ ಕಣ್ಣಂದಾಜು ಒಂದೇ ಚೌಕಕ್ಕೆ ಶೇ 20ರಷ್ಟು ಬೇರೆಯಾಗುವುದು ಸಾಮಾನ್ಯ.

ನೀರಿನ ಮೇಲಿನ ಕಳೆಗೆ ಇನ್ನೊಂದು ಚೌಕಟ್ಟು ಬೇಕು: 50 × 50 ಸೆಂಟಿಮೀಟರ್, ಮೂರೇ ಬದಿ. ನಾಲ್ಕೂ ಬದಿ ಮುಚ್ಚಿದ ಚೌಕಟ್ಟು ದಟ್ಟ ಕಳೆಯೊಳಗೆ ಇಳಿಯುವುದಿಲ್ಲ, ಮೇಲೇ ಕುಳಿತುಬಿಡುತ್ತದೆ. ತೆರೆದ ಬದಿಯನ್ನು ಮುಂದೆ ಮಾಡಿ ಬಿದಿರ ಕೋಲಿನಿಂದ ತಳ್ಳಿ, ನಂತರ ಆ ಬದಿಗೆ ಹಗ್ಗ ಎಳೆದು ಮುಚ್ಚಿ. ಪೈಪಿನ ತುದಿಗಳಿಗೆ ಮುಚ್ಚಳ ಹಾಕಿ ಅಂಟಿಸಿದರೆ ಒಳಗೆ ಗಾಳಿ ಉಳಿದು ಅದು ತೇಲುತ್ತದೆ.

ಪ್ರತಿ ಕಲ್ಲಿನ ಬಳಿ ಮೂರು ಚೌಕ. ಎಲ್ಲಿ ಇಡಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿ: ಕಲ್ಲಿನಿಂದ ಎಡಕ್ಕೋ ಬಲಕ್ಕೋ, 1ರಿಂದ 10ರೊಳಗೆ ಎಷ್ಟು ಹೆಜ್ಜೆಯೋ. ಕೈಗೆ ಬಿಟ್ಟರೆ ಎಲ್ಲರೂ ಹೂ ಬಿಟ್ಟ ಗಿಡದ ಮೇಲೇ ಚೌಕ ಇಡುತ್ತಾರೆ. ರೈತರು ಉತ್ತ ಜಾಗ ಬಂದರೆ ‘ಉತ್ತಿದೆ’ ಎಂದು ಬರೆಯಿರಿ. ಅದು ಸೊನ್ನೆಯಲ್ಲ. ನೋಡಿದೆವು, ಇರಲಿಲ್ಲ ಎಂದರೆ ಮಾತ್ರ 0. ನೋಡಲಿಲ್ಲ ಎಂದರೆ ಅಡ್ಡಗೆರೆ. ಖಾಲಿ ಬಿಟ್ಟ ಮನೆಗೆ ಆರು ತಿಂಗಳ ನಂತರ ಯಾವ ಅರ್ಥವೂ ಉಳಿದಿರುವುದಿಲ್ಲ.

ಗೊಂದಲ ಮಾಡುವ ಜೋಡಿಗಳು

ಹೆಚ್ಚಿನ ತಪ್ಪು ಆಗುವುದು ಇಲ್ಲಿ, ಆದ್ದರಿಂದ ಹೊಲಕ್ಕೆ ಇಳಿಯುವ ಮೊದಲೇ ಒಂದು ಪೂರ್ತಿ ತರಗತಿಯನ್ನು ಇದಕ್ಕೇ ಕೊಡಿ.

ವಾಟರ್ ಹಯಸಿಂತ್‌ಗೆ ಜನ ಅಂತರಗಂಗೆ, ಜಲಕುಂಬಿ, ಮರಾಠಿ ಮಾತಿನ ಊರುಗಳಲ್ಲಿ ಜಲಪರ್ಣಿ ಎನ್ನುತ್ತಾರೆ. ಪಿಸ್ಟಿಯಾ ಎಂಬ ಬೇರೆಯೇ ಗಿಡಕ್ಕೂ ಅಂತರಗಂಗೆ ಎಂಬ ಹೆಸರಿದೆ. ಹಾಳೆಯಲ್ಲಿ ವೈಜ್ಞಾನಿಕ ಹೆಸರು ಕಡ್ಡಾಯ. ಹಯಸಿಂತ್‌ನ ಎಲೆ ಹೊಳೆಯುತ್ತದೆ, ತೊಟ್ಟು ಉಬ್ಬಿ ಒಳಗೆ ಗಾಳಿ ತುಂಬಿರುತ್ತದೆ, ನೇರಳೆ ಹೂವಿನ ಮೇಲಿನ ಎಸಳಿನಲ್ಲಿ ಹಳದಿ ಬೊಟ್ಟು ಇರುತ್ತದೆ. ಪಿಸ್ಟಿಯಾಕ್ಕೆ ತೊಟ್ಟೇ ಇಲ್ಲ, ಎಲೆಗಳು ಮಂದ ಹಸಿರು, ಮುಟ್ಟಿದರೆ ಮಖಮಲ್ಲು. ದಕ್ಷಿಣ ಅಮೆರಿಕದ ಹಯಸಿಂತ್ ಬಂಗಾಳದ ಮೂಲಕ 19ನೇ ಶತಮಾನದ ಕೊನೆಗೆ ಭಾರತಕ್ಕೆ ಬಂತು. ಅನುಕೂಲ ಸಿಕ್ಕರೆ ಎರಡು ವಾರದೊಳಗೆ ಇಮ್ಮಡಿಯಾಗುತ್ತದೆ, ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಮಿಕ್ಕಿ ಜೀವ ಹಿಡಿದಿರುತ್ತದೆ. ನೀರಿಳಿದ ಅಂಚಿನ ಕೆಸರಿನಲ್ಲಿ ಹುಲ್ಲಿನಂಥ ಪುಟ್ಟ ಸಸಿಗಳು ಕಂಡರೆ ಬಗ್ಗಿ ನೋಡಿ. ಅವು ಹಯಸಿಂತ್ ಬೀಜದಿಂದ ಎದ್ದವೂ ಆಗಿರಬಹುದು.

ತೂಕ ಮಾಡುವಾಗ ಚೌಕಟ್ಟಿನೊಳಗಿನ ಗಿಡವನ್ನಷ್ಟೇ ಬೇರು ಸಮೇತ ಎತ್ತಿ, ಐದು ನಿಮಿಷ ನೀರು ಸೋರಲು ಬಿಟ್ಟು ಸ್ಪ್ರಿಂಗ್ ತಕ್ಕಡಿಗೆ ಹಾಕಿ, ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಹತ್ತು ಕಿಲೋದ ತಕ್ಕಡಿ ತನ್ನಿ, ಐದು ಕಿಲೋದ್ದು ಸಾಲದು. ಗಿಡದಲ್ಲಿ ಸುಮಾರು ಶೇ 95 ನೀರೇ, ಹಾಗಾಗಿ ಸೋರುವ ಸಮಯ ಪ್ರತಿ ಸಲ ಒಂದೇ ಇರಬೇಕು. ಎಲೆಯ ಮೇಲೆ ಎರಡು-ಮೂರು ಮಿಲಿಮೀಟರಿನ ಬಿಳಿಚಿದ ದುಂಡು ಕೆರೆತದ ಗುರುತುಗಳಿವೆಯೇ ನೋಡಿ. ಈ ಕಳೆಯ ಹತೋಟಿಗೆಂದು 1980ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ತರಿಸಿ ಬಿಟ್ಟ ನಿಯೊಕೆಟಿನಾ ಎಂಬ ಮೂತಿಹುಳು ಎಲೆ ಕೆರೆದು ತಿಂದಾಗ ಬೀಳುವ ಗುರುತು ಅದು. ಹತ್ತು ಗಿಡಗಳಲ್ಲಿ ಪ್ರತಿಯೊಂದರ ಮೇಲಿನಿಂದ ಮೂರನೇ ಎಲೆಯ ಗುರುತು ಎಣಿಸಿ. ಹುಳು ಕೆಲಸ ಮಾಡುತ್ತಿದೆಯೇ ಎಂಬುದು ಆ ಅಂಕಿಯಿಂದ ತಿಳಿಯುತ್ತದೆ.

ಹೊನಗೊನ್ನೆ ನಮ್ಮ ಸೊಪ್ಪು. ಅದರ ಹತ್ತಿರದ ನೆಂಟ, ದಕ್ಷಿಣ ಅಮೆರಿಕದ ಆಲ್ಟರ್ನಾಂಥೆರಾ ಫಿಲೊಕ್ಸಿರಾಯ್ಡಿಸ್, ನೀರಿನ ಮೇಲೆ ಚಾಪೆಯಾಗಿ ಹಬ್ಬುವ ಕೆಟ್ಟ ಕಳೆ. ಗುರುತಿಸುವುದು ಸುಲಭ: ಹೊನಗೊನ್ನೆಯ ಬಿಳಿ ಹೂಗೊಂಚಲು ಎಲೆಯ ಕಂಕುಳಲ್ಲೇ ತೊಟ್ಟಿಲ್ಲದೆ ಅಂಟಿ ಕುಳಿತಿರುತ್ತದೆ; ಕಳೆಯ ಗೊಂಚಲು ಉದ್ದ ತೊಟ್ಟಿನ ತುದಿಯಲ್ಲಿ ನಿಂತಿರುತ್ತದೆ, ನೀರಿನಲ್ಲಿ ಬೆಳೆದ ಕಾಂಡ ಮುರಿದರೆ ಒಳಗೆ ಟೊಳ್ಳು. ಹೂವಿಲ್ಲದಾಗ ನಿರ್ಧರಿಸಬೇಡಿ, ಫೋಟೊ ತೆಗೆದು ‘ಹೂವಿಲ್ಲ’ ಎಂದು ಬರೆಯಿರಿ.

ಮೇಲಿನ ಒಣ ಕಲ್ಲುಗಳ ಬಳಿ ಬಳ್ಳಾರಿ ಜಾಲಿ, ಕರಿಜಾಲಿ, ಬನ್ನಿ ಮೂರೂ ಸಿಗಬಹುದು. ಬಳ್ಳಾರಿ ಜಾಲಿಯ ಮುಳ್ಳು ಎಲೆ ಹುಟ್ಟುವ ಗಿಣ್ಣಿನಲ್ಲಿ, ಕಾಯಿ ದಪ್ಪ, ಹಣ್ಣಾದಾಗ ಹಳದಿ, ತಿನ್ನಲು ಸಿಹಿ. ಕುರಿ-ಮೇಕೆ ತಿಂದು ಬೀಜ ಹರಡುತ್ತವೆ. ಬನ್ನಿಯ ಮುಳ್ಳು ಗಿಣ್ಣುಗಳ ನಡುವೆ ಅಲ್ಲಲ್ಲಿ ಚದುರಿರುತ್ತದೆ, ಕಾಯಿ ತೆಳ್ಳಗೆ. ಕರಿಜಾಲಿಗೆ ಹಳದಿ ಚೆಂಡಿನಂಥ ಹೂ, ಬಿಳಿಯ ಉದ್ದ ಜೋಡಿ ಮುಳ್ಳು, ಬೀಜದಿಂದ ಬೀಜಕ್ಕೆ ಸೊಂಟ ಹಿಡಿದ ಬೂದು ಕಾಯಿ. ಕರಿಜಾಲಿ ಮತ್ತು ಬನ್ನಿಯನ್ನು ಹೊರಗಿನವೆಂದು ಬರೆದರೆ, ಮುಂದೆ ಯಾರೋ ಆ ಪಟ್ಟಿ ಹಿಡಿದು ಕಡಿಯಲು ಬರುತ್ತಾರೆ. ಅಷ್ಟು ಗಂಭೀರ ವಿಷಯವಿದು.

ಹಸಿ ಕೆಸರಂಚಿನಲ್ಲಿ ತಿಳಿಗುಲಾಬಿ ಹೂವಿನ, ಹಲವರು ಬೇಶರಮ್ ಎನ್ನುವ ಐಪೋಮಿಯಾ ಕಾರ್ನಿಯಾ ಪೊದೆ ನೋಡಿ. ಕತ್ತರಿಸಿ ಎಸೆದ ಕಾಂಡವೂ ಬೇರು ಬಿಡುವುದರಿಂದ ಮಾದರಿಗೆಂದು ಕಿತ್ತು ಬೇರೆಡೆ ಬಿಸಾಡಬಾರದು. ಕಾಂಗ್ರೆಸ್ ಕಸದ ಎಲೆ ತೂತಾಗಿದ್ದರೆ ಕೆನೆ ಬಣ್ಣದ, ಕಂದು ಪಟ್ಟೆಯ ಪುಟ್ಟ ಜೀರುಂಡೆ ಹುಡುಕಿ. 1980ರ ದಶಕದಲ್ಲಿ ಮೆಕ್ಸಿಕೊದಿಂದ ತರಿಸಿದ ಜೈಗೊಗ್ರಾಮಾ ಅದು; ಮಳೆಗಾಲದಲ್ಲಿ ಚುರುಕು, ಒಣ ತಿಂಗಳುಗಳಲ್ಲಿ ಮಣ್ಣೊಳಗೆ ಸೇರಿ ಸುಮ್ಮನಾಗುತ್ತದೆ. ಫೆಬ್ರವರಿಯಲ್ಲಿ ಕಾಣದಿದ್ದರೆ ಅದು ನಾಶವಾಯಿತೆಂದು ಅರ್ಥವಲ್ಲ.

ಹಾವಳಿ ಮಾಡುವುದೆಲ್ಲ ಹೊರಗಿನದಲ್ಲ ಎಂಬುದೂ ನೆನಪಿರಲಿ. ಜೊಂಡು ದಡ ತುಂಬಿದರೂ ಇಲ್ಲಿಯದೇ. ಹೈಡ್ರಿಲ್ಲಾವನ್ನು ಅಮೆರಿಕದ ಪುಸ್ತಕಗಳು ಆಕ್ರಮಣಕಾರಿ ಎನ್ನುತ್ತವೆ, ಭಾರತದಲ್ಲಿ ಅದು ಸ್ವಂತ ಗಿಡ. ಮೊಬೈಲ್ ಆ್ಯಪ್ ಕೊಡುವ ಹಣೆಪಟ್ಟಿಯನ್ನು ದೇಶ ನೋಡದೆ ನಕಲು ಮಾಡಬೇಡಿ. ಚಳಿಗಾಲದಲ್ಲಿ ಬಂದು ಹೋಗುವ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳು ವಲಸೆ ಹಕ್ಕಿಗಳು, ‘ಹೊರಗಿನ’ ಪಟ್ಟಿಗೆ ಸೇರುವುದಿಲ್ಲ.

ಮೀನು: ಹಿಡಿಯಬೇಡಿ, ಕೇಳಿ ಅಳೆಯಿರಿ

ವಿದ್ಯಾರ್ಥಿಗಳು ಬಲೆ ಹಾಕುವ ಅಗತ್ಯವಿಲ್ಲ. ಬೆಳಿಗ್ಗೆ ಆರರಿಂದ ಎಂಟರೊಳಗೆ ದೋಣಿ ದಡಕ್ಕೆ ಬರುವ ಜಾಗದಲ್ಲಿ ನಿಂತರೆ ಒಂದೇ ದಿನದಲ್ಲಿ ವರ್ಷದ ಕೈಬಲೆ ಕೆಲಸಕ್ಕಿಂತ ಹೆಚ್ಚು ಮಾಹಿತಿ ಸಿಗುತ್ತದೆ. ಮಾರಾಟಕ್ಕೆ ಅಡ್ಡಿಯಾಗದಂತೆ ಮೊದಲೇ ಮಾತಾಡಿಕೊಳ್ಳಿ. ಪ್ರತಿ ದೋಣಿಗೆ ಮೂರು ಪ್ರಶ್ನೆ ತಪ್ಪಬಾರದು: ಬಲೆ ಎಷ್ಟು ಉದ್ದ, ಕಣ್ಣು ಎಷ್ಟು ದೊಡ್ಡದು, ಎಷ್ಟು ಹೊತ್ತು ನೀರಿನಲ್ಲಿತ್ತು. ದೊಡ್ಡ ಕಣ್ಣಿನ ಬಲೆಯಲ್ಲಿ ಸಣ್ಣ ಮೀನು ನಿಲ್ಲುವುದೇ ಇಲ್ಲ. ಆ ವಿವರ ಇಲ್ಲದೆ ‘ಸಣ್ಣ ಮೀನು ಕಡಿಮೆಯಾಗಿದೆ’ ಎಂದು ಬರೆದರೆ ಅದು ಬಲೆಯ ಸುದ್ದಿ, ನದಿಯ ಸುದ್ದಿಯಲ್ಲ.

ಜಾತಿವಾರು ಬೇರೆ ಮಾಡಿ, ತೂಕ ಮತ್ತು ಸಂಖ್ಯೆ ಬರೆಯಿರಿ. ಪ್ರತಿ ಜಾತಿಯ ಒಂದು ಮೀನನ್ನು ತಲೆ ಎಡಕ್ಕೆ ಬರುವಂತೆ, ರೆಕ್ಕೆ ಬಿಡಿಸಿ, ಪಕ್ಕದಲ್ಲಿ ಸ್ಕೇಲಿಟ್ಟು ಫೋಟೊ ತೆಗೆಯಿರಿ. ಮೀನುಗಾರರು ಹೇಳುವ ಹೆಸರನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ, ವೈಜ್ಞಾನಿಕ ಹೆಸರನ್ನು ಶಾಲೆಗೆ ಬಂದ ಮೇಲೆ ಹಾಕಿ. ಫಾರ್ಮಾಲಿನ್‌ನಲ್ಲಿ ಮಾದರಿ ಇಡುವುದು ಕಾಲೇಜು ಪ್ರಯೋಗಾಲಯದ ಕೆಲಸ, ಶಾಲೆಯದಲ್ಲ.

ಹಾಳೆಯಲ್ಲಿ ಮೀನಿನ ಗುಂಪು ಎರಡಲ್ಲ, ಮೂರು. ಮೊದಲನೆಯದು ಕೃಷ್ಣಾ ಕೊಳ್ಳದ ಸ್ವಂತ ಮೀನು: ವಾಳೆ, ಕೊರವ, ಚಪ್ಪಲಿ ಮೀನು, ಹಾವು ಮೀನು, ಲೇಬಿಯೊ ಫಿಂಬ್ರಿಯೇಟಸ್ ಮುಂತಾದವು. ಎರಡನೆಯದು ಭಾರತದ್ದೇ ಆದರೂ ಉತ್ತರದ ನದಿಗಳಿಂದ ತಂದು ಬಿತ್ತನೆ ಮಾಡುವ ರೋಹು, ಮೃಗಾಲ್‌ನಂಥವು. ಮೂರನೆಯದು ವಿದೇಶಿ: ತಿಲಾಪಿಯಾ, ಸಾಮಾನ್ಯ ಗೆಂಡೆ, ಆಫ್ರಿಕನ್ ಕ್ಯಾಟ್‌ಫಿಶ್, ಅಕ್ವೇರಿಯಂನಿಂದ ಬಂದವು. ಎರಡನೇ ಗುಂಪನ್ನು ಮೊದಲನೆಯದಕ್ಕೆ ಸೇರಿಸಿದರೆ ಸ್ವಂತ ಮೀನಿನ ಪಾಲು ಇಲ್ಲದಷ್ಟು ದೊಡ್ಡದಾಗಿ ಕಾಣುತ್ತದೆ.

ಮೊಝಾಂಬಿಕ್ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಬೆನ್ನಿನ ಉದ್ದ ರೆಕ್ಕೆಯ ಮುಂಭಾಗ ಮುಳ್ಳು, ಪಕ್ಕದ ಗೆರೆ ನಡುವೆ ತುಂಡಾಗಿ ಎರಡು ಸಾಲು. ಬಾಲದ ರೆಕ್ಕೆಯಲ್ಲಿ ಸ್ಪಷ್ಟ ಲಂಬ ಪಟ್ಟೆಗಳಿದ್ದರೆ ಅದು ನೈಲ್ ತಿಲಾಪಿಯಾ. ಗಂಡು ಮೀನು ಮರಿಗಾಗಿ ಆಳವಿಲ್ಲದ ತಳದಲ್ಲಿ ದುಂಡನೆಯ ಗುಂಡಿ ತೋಡುತ್ತದೆ, ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟು ಕಾಯುತ್ತದೆ. ನೀರು ಇಳಿದ ಮರುವಾರ ಕೆಸರಿನ ಮೇಲೆ ಆ ಗುಂಡಿಗಳು ಸಾಲಾಗಿ ಬಯಲಾಗುತ್ತವೆ, ಅಂಚು ಸ್ವಲ್ಪ ಎತ್ತರ, ನಡುವೆ ನಯ. ದನದ ಹೆಜ್ಜೆಗಿಂತ ಅಗಲ, ಹೆಚ್ಚು ದುಂಡಗೆ. ಪ್ರತಿ ಮಟ್ಟದ ಕಲ್ಲಿನ ಅಕ್ಕಪಕ್ಕ ಹತ್ತು ಮೀಟರಿನಲ್ಲಿ ಎಷ್ಟು ಗುಂಡಿ ಎಂದು ಎಣಿಸಿದರೆ, ಬಲೆಯಿಲ್ಲದೆ ತಿಲಾಪಿಯಾ ಮರಿ ಮಾಡಿದ ಆಳ ತಿಳಿಯುತ್ತದೆ. ದನಗಳು ತುಳಿಯುವ ಮೊದಲೇ ಹೋಗಬೇಕು.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆ ಭಾರತದಲ್ಲಿ ನಿಷಿದ್ಧ. ನಮ್ಮ ಮಾಗೂರಿಗೂ ಅದಕ್ಕೂ ಮೀಸೆ, ಮೈಕಟ್ಟು ಒಂದೇ ತರಹ. ಎರಡು ಕಿಲೋ ದಾಟಿದ ಮೀನು ಬಹುಮಟ್ಟಿಗೆ ಆಫ್ರಿಕನ್. ಸಣ್ಣದಾದರೆ ತಲೆಯ ಬುರುಡೆಯ ಹಿಂಭಾಗವನ್ನು ಮೇಲಿನಿಂದ ಫೋಟೊ ತೆಗೆದು ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ. ಮೈತುಂಬ ಗಟ್ಟಿ ಫಲಕ, ಹೊಟ್ಟೆಯ ಕಡೆ ಹೀರುವ ಬಾಯಿ ಇರುವ ಅಕ್ವೇರಿಯಂ ಮೀನು ಬಲೆಗೆ ಬಿದ್ದರೆ ಅದೇ ದಿನ ಇಲಾಖೆಗೆ ಹೇಳಿ. ಬಲೆ ಹರಿಯುವ, ದಡ ಕೊರೆಯುವ ಜಾತಿ ಅದು.

ದಡದ ಗುಂಡಿಗಳಲ್ಲಿ ಬಿದಿರಿಗೆ ಕಟ್ಟಿದ ಹಿಟ್ಟಿನ ಜರಡಿಯಿಂದ ಒಂದೊಂದು ಮೀಟರಿನ ಹತ್ತು ಎಳೆತ ಎಳೆಯಿರಿ. ಸೊಳ್ಳೆ ಹತೋಟಿಗೆ ಬಿಟ್ಟ ಗ್ಯಾಂಬೂಸಿಯಾ, ಗಪ್ಪಿ ಎಂಬ ಪುಟ್ಟ ಮೀನುಗಳು ಸಿಗಬಹುದು. ಬಸವನಹುಳುಗಳನ್ನು ಬಿಳಿ ತಟ್ಟೆಗೆ ಹಾಕಿ, ಚೂಪು ತುದಿ ಮೇಲೆ, ಬಾಯಿ ನಿಮ್ಮ ಕಡೆ ಹಿಡಿಯಿರಿ. ಬಾಯಿ ಎಡಕ್ಕಿದ್ದು ಚಿಪ್ಪು ತೆಳ್ಳಗಿದ್ದರೆ ಅದು ಹೊರಗಿನ ಫೈಸಾ. ನಮ್ಮ ಬಸವನಹುಳುಗಳಾದ ಲಿಮ್ನಿಯಾ, ಬೆಲ್ಲಾಮಿಯಾಗಳ ಬಾಯಿ ಬಲಕ್ಕೆ. ಐದನೇ ತರಗತಿಯ ಮಗುವೂ ತಪ್ಪದೆ ಹೇಳಬಲ್ಲ ಪರೀಕ್ಷೆ ಇದೊಂದೇ.

ತೂಗುಫಲಕ

ಬಂದರು, ಕೊಲ್ಲಿಗಳಲ್ಲಿ ನೀರಿನೊಳಗೆ ಪ್ಲಾಸ್ಟಿಕ್ ಫಲಕ ತೂಗುಹಾಕಿ, ಅದರ ಮೇಲೆ ಏನು ಬಂದು ಅಂಟುತ್ತದೆ ಎಂದು ನೋಡುವುದು ಹಳೆಯ ವಿಧಾನ. ಹಡಗಿನ ತಳಕ್ಕೆ ಅಂಟಿ ಬರುವ ಜೀವಿಗಳು ಅದರಲ್ಲಿ ಬೇಗ ಸಿಕ್ಕಿಬೀಳುತ್ತವೆ. ಮಧ್ಯ ಅಮೆರಿಕದ ಮೈಟಿಲಾಪ್ಸಿಸ್ ಚಿಪ್ಪು 1967ರಲ್ಲಿ ವಿಶಾಖಪಟ್ಟಣದಲ್ಲಿ ವರದಿಯಾದ ಅಂಥ ಜೀವಿ. ಸಿಹಿನೀರಿನ ಫಲಕದ ಮೇಲೆ ಪಾಚಿ, ಸಿಹಿನೀರ ಸ್ಪಂಜು, ಗುಂಪಾಗಿ ಅಂಟಿ ಬೆಳೆಯುವ ಪುಟ್ಟ ಜೀವಿಗಳಾದ ಬ್ರಯೋಝೋವಾ, ಕೆಂಪು ಮರಿಹುಳುಗಳು, ಬಸವನಹುಳುವಿನ ಮೊಟ್ಟೆಯ ಲೋಳೆ ಸಿಗುತ್ತವೆ.

15 × 15 ಸೆಂಟಿಮೀಟರ್ ಪಿವಿಸಿ ಹಾಳೆಯನ್ನು 80 ನಂಬರ್ ಮರಳುಕಾಗದದಿಂದ ಒಂದು ಬದಿ ಒರಟು ಮಾಡಿ. ನಯವಾಗಿ ಬಿಟ್ಟರೆ ಅಂಟಿದ್ದು ಎತ್ತುವಾಗ ಜಾರಿ ಹೋಗುತ್ತದೆ. ಒರಟು ಬದಿ ಕೆಳಗೆ ಬರುವಂತೆ, ನೀರಿನ ಮೇಲ್ಮೈಯಿಂದ ಒಂದು ಮೀಟರ್ ಆಳದಲ್ಲಿ, ಅಡಿಗೆ ಕಲ್ಲು ಕಟ್ಟಿ ತೂಗಿಸಿ. ಕಟ್ಟಬೇಕಾದದ್ದು ಮುಚ್ಚಳ ಬಿಗಿದ ಐದು ಲೀಟರ್ ಕ್ಯಾನಿಗೆ; ಮರಕ್ಕೋ ಕಂಬಕ್ಕೋ ಕಟ್ಟಿದರೆ ಮಟ್ಟ ಇಳಿದಂತೆ ಫಲಕ ಗಾಳಿಗೆ ಬಂದು ಎಲ್ಲ ಸತ್ತು ಒಣಗಿರುತ್ತದೆ. ಕ್ಯಾನನ್ನು ಲಂಗರು ಕಲ್ಲಿಗೆ, ಆಳದ ಒಂದೂವರೆ ಪಟ್ಟು ಉದ್ದದ ಹಗ್ಗದಿಂದ ಕಟ್ಟಿ, ಮೂರು ತಿಂಗಳ ನಂತರವೂ ಮೂರು ಮೀಟರ್ ನೀರು ಉಳಿಯುವ ಕಡೆ ಇಳಿಸಿ. ಇಳಿಸುವುದು, ಎತ್ತುವುದು ಮೀನುಗಾರರ ಕೈಯಿಂದಲೇ ಆಗಬೇಕು. ನಾಲ್ಕು ಫಲಕದಲ್ಲಿ ಎರಡನ್ನು ಒಂದು ತಿಂಗಳಿಗೆ, ಎರಡನ್ನು ಮೂರು ತಿಂಗಳಿಗೆ ಎತ್ತಿ, ಅದೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ತನ್ನಿ. ಪಾರದರ್ಶಕ ಹಾಳೆಯ ಮೇಲೆ ಸಮ ದೂರದಲ್ಲಿ 25 ಚುಕ್ಕೆ ಹಾಕಿ ಫಲಕದ ಮೇಲಿಟ್ಟು, ಪ್ರತಿ ಚುಕ್ಕೆಯ ಕೆಳಗೆ ಏನಿದೆ ಎಂದು ಭೂತಗನ್ನಡಿಯಲ್ಲಿ ನೋಡಿ. ಒಂದು ಚುಕ್ಕೆ ಶೇ 4.

ನೀರಿನ ತಿಳಿತನಕ್ಕೆ 20 ಸೆಂಟಿಮೀಟರಿನ ಕಪ್ಪು-ಬಿಳಿ ಸೆಕ್ಕಿ ತಟ್ಟೆಯನ್ನು ದೋಣಿಯ ನೆರಳಿನ ಬದಿಯಿಂದ ಇಳಿಸಲು ಮೀನುಗಾರರಿಗೆ ಹೇಳಿಕೊಡಿ. ಮರೆಯಾದ ಆಳ, ಮತ್ತೆ ಕಂಡ ಆಳ ಎರಡರ ಸರಾಸರಿ ಬರೆಯಿರಿ.

ನೀವೇ ಹರಡದಿರಲು

ಹೊರಡುವ ಮೊದಲು ಚಪ್ಪಲಿ, ಹಗ್ಗ, ಜರಡಿ, ಚೌಕಟ್ಟುಗಳನ್ನು ಅದೇ ನೀರಿನಲ್ಲಿ ತೊಳೆದು, ಗಂಟಿನ ಸಂದಿಯಲ್ಲಿ ಗಿಡದ ಚೂರು ಉಳಿದಿದೆಯೇ ನೋಡಿ, ಎರಡು ದಿನ ಬಿಸಿಲಿನಲ್ಲಿ ಒಣಗಿಸಿ. ಒಂದೇ ಗಿಣ್ಣು ಇರುವ ಆಲ್ಟರ್ನಾಂಥೆರಾ ಚೂರು ಇನ್ನೊಂದು ಕೆರೆಗೆ ಸಾಕು. ಒಂದೇ ದಿನ ಹಿನ್ನೀರು ಮುಗಿಸಿ ಊರ ಕೆರೆಗೂ ಹೋಗುವ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ. ತೂಕಕ್ಕೆ ಎತ್ತಿದ ಹಯಸಿಂತ್ ಅನ್ನು 519.60ರ ಗುರುತಿಗಿಂತ ಮೇಲೆ ಹಾಕಿ. ಕೆಳಗೆ ರಾಶಿ ಹಾಕಿದ್ದು ಜುಲೈಯಲ್ಲಿ ನೀರು ಏರಿದಾಗ ಬೀಜ ಸಮೇತ ಮತ್ತೆ ತೇಲುತ್ತದೆ. ಜೀವಂತ ಮಾದರಿ ಶಾಲೆಯ ತೊಟ್ಟಿಗೆ ಬರಬಾರದು.

ಲೆಕ್ಕ ಮತ್ತು ವರದಿ

ಗಿಡಗಳಿಗೆ ಎರಡೇ ಅಂಕಿ ಸಾಕು: ಸಿಕ್ಕ ಪ್ರಮಾಣ ಮತ್ತು ಸರಾಸರಿ ಹೊದಿಕೆ. ಉದಾಹರಣೆಗೆ, ನೋಡಿದ 42 ಚೌಕದಲ್ಲಿ 15ರಲ್ಲಿ ಕಾಂಗ್ರೆಸ್ ಕಸ ಇದ್ದರೆ ಶೇ 35.7, ಉತ್ತ ಚೌಕಗಳು 42ರೊಳಗೆ ಸೇರಬಾರದು. ಇದನ್ನು ಮಟ್ಟವಾರು ಬೇರೆ ಮಾಡಿ, ಅಡ್ಡ ಅಕ್ಷದಲ್ಲಿ ‘ಬಯಲಾಗಿ ಎಷ್ಟು ದಿನ’ ಹಾಕಿ ನಕ್ಷೆ ಬಿಡಿಸಿ. ಮೀನಿಗೆ ನೂರು ಮೀಟರ್ ಬಲೆಗೆ, ಒಂದು ರಾತ್ರಿಗೆ ಎಷ್ಟು ಕಿಲೋ ಎಂಬ ಲೆಕ್ಕದಲ್ಲಿ ಮೂರೂ ಗುಂಪಿನ ಪಾಲು ತೋರಿಸಿ.

ಫೋಟೊಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ಗುರುತು ತಿದ್ದುವವರು ಸಿಗುತ್ತಾರೆ. ನೀರುನಾಯಿಯ ಬಿಲ, ಹಕ್ಕಿಗಳ ಗೂಡು ಕಂಡರೆ ಜಾಗದ ವಿವರ ಮರೆಮಾಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ನಿಮ್ಮ ಪಟ್ಟಿಯ ಒಂದು ಪ್ರತಿ ಅಲ್ಲಿಗೆ, ಸ್ವೀಕೃತಿ ಸಹಿ ಹಾಕಿಸಿಕೊಂಡು ಕೊಡಿ. ಮೀನಿನ ಪುಟ ಮೀನುಗಾರಿಕೆ ಇಲಾಖೆಗೆ, ತೇಲುಗಳೆಯ ಪುಟ ನಿಗಮಕ್ಕೆ; ಪೂರ್ತಿ ವರದಿ ಎಲ್ಲರಿಗೂ ಕೊಟ್ಟರೆ ಯಾರೂ ಓದುವುದಿಲ್ಲ. ಕಳೆ ಮೊಳೆಯುವ ವಾರದ ನಕ್ಷೆಯೊಂದನ್ನು ದೊಡ್ಡದಾಗಿ ಬರೆದು, ಗೂಟದ ಬದಲು ಕಲ್ಲು ಹೂಳಲು ಜಾಗ ಬಿಟ್ಟ ರೈತರಿಗೆ ಕನ್ನಡದಲ್ಲೇ ವಿವರಿಸಿ. ಮೂಲ ಹಾಳೆಗಳು ಪ್ಲಾಸ್ಟಿಕ್ ಫೈಲಿನಲ್ಲಿ ಶಾಲೆಯಲ್ಲೇ ಉಳಿಯಲಿ, ಕಲ್ಲುಗಳ ನಡುವಿನ ದೂರ ಮತ್ತು ಸಾಲುಗಳ ಕೋನ ಬರೆದ ಪುಟ ಎಲ್ಲಕ್ಕಿಂತ ಮೇಲಿರಲಿ. ಮುಂದಿನ ವರ್ಷದ ಒಂಬತ್ತನೇ ತರಗತಿಯವರು ಆ ಪುಟ ಹಿಡಿದೇ ಕಲ್ಲು ಹುಡುಕಬೇಕು.